ಮುಗಿಸಬಾರದ ರೇಷ್ಮೆ ಚೀಲ

ಅಂಗೈಯಗಲದ ಒಂದು ರೇಷ್ಮೆ ಚೀಲ ಹೊಲಿಯುವುದರಲ್ಲಿ ಅಂಥದ್ದೇನಿದೆ ಎಂದು ನಾನು ಅಂದುಕೊಂಡಿದ್ದೆ. ಎಣಿಸಲು ಬಂದರೆ ಸಾಕು, ಯಾರು ಬೇಕಾದರೂ ಹೊಲಿಯಬಹುದು ಎಂದು ಮೊಬೈಲಿನಲ್ಲಿ ಒಬ್ಬ ವಿದೇಶಿ ಹೆಂಗಸು ಹೇಳಿದ್ದಳು. ನಾನು ಬಿ.ಕಾಂ. ಎಣಿಸಲು ಬರುತ್ತದೆ ಎಂದು ವಿಶ್ವವಿದ್ಯಾಲಯವೇ ನನಗೆ ಬರೆದುಕೊಟ್ಟಿದೆ!

ಆ ಕಸೂತಿಯ ಹೆಸರು ಇಟ್ಟಿಗೆ ಹೊಲಿಗೆ. ಆರೇಳು ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಹಾಕುತ್ತಿದ್ದರಂತೆ. ಬಟ್ಟೆಯ ನಾಲ್ಕು ಎಳೆ ಎಣಿಸಿ ಒಂದು ನಿಂತ ಹೊಲಿಗೆ ಹಾಕಬೇಕು. ಪಕ್ಕದ್ದನ್ನು ಎರಡು ಎಳೆ ಮೇಲಕ್ಕೆ ಸರಿಸಬೇಕು. ಅದರ ಪಕ್ಕದ್ದು ಮತ್ತೆ ಕೆಳಗೆ. ಗೋಡೆಗೆ ಇಟ್ಟಿಗೆ ಕೂರಿಸಿದ ಹಾಗೆ. ಹೀಗೆ ಬಣ್ಣ ಬದಲಿಸುತ್ತ ಹೋದರೆ ವಜ್ರದಾಕಾರದ ಮನೆಗಳು ತಾವಾಗಿ ಮೂಡುತ್ತವೆ. ಆ ಕಾಲದಲ್ಲಿ ಇಂಥ ಚೀಲಗಳಲ್ಲಿ ಏನು ಇಡುತ್ತಿದ್ದರು ಎಂಬುದನ್ನೂ ಆಕೆ ನಗುನಗುತ್ತಾ ಹೇಳಿದಳು. ತೀರಿಹೋದ ಸಂತರ ಎಲುಬು.

ಆಗಲೇ ಮೊಬೈಲು ಕೆಳಗಿಡಬೇಕಿತ್ತು. ನಾನು ಲೈಕ್ ಒತ್ತಿದೆ.

ಬಾಗಲಕೋಟೆಗೆ ಹೋಗಿ ಎಳೆ ಎಣಿಸಲು ಬರುವಂಥ ಮ್ಯಾಟಿ ಬಟ್ಟೆ ತಂದೆ. ಬಿಳಿ ದಾರವೂ ಸಿಕ್ಕಿತು. ಕೆಂಪು ರೇಷ್ಮೆ ಮಾತ್ರ ಸಿಗಲಿಲ್ಲ. ಅಂಗಡಿಯವರು ತೋರಿಸಿದ್ದೆಲ್ಲ ಪ್ಲಾಸ್ಟಿಕ್ಕಿನಂತೆ ಮಿಂಚುತ್ತಿತ್ತು. ಅಪ್ಪಟ ರೇಷ್ಮೆ ನಮ್ಮ ಹುನಗುಂದದ ಮನೆಯಲ್ಲಿ ಒಂದೇ ಕಡೆ ಇತ್ತು. ಆಯಿಯ ಟ್ರಂಕಿನಲ್ಲಿ.

ಆಯಿ ಎಂದರೆ ನಮ್ಮಪ್ಪನ ತಾಯಿ. ಎಂಬತ್ತೆರಡು ವರ್ಷ. ಇಳಕಲ್ಲಿನವಳು. ಅಜ್ಜ ಅಲ್ಲಿ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಆತ ಹೋದ ಮೇಲೆ ಆಕೆ ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಟ್ರಂಕು ಒಳಕೋಣೆಯಲ್ಲಿರುತ್ತದೆ, ಆಯಿ ಪಡಸಾಲೆಯ ಮಂಚದ ಮೇಲಿರುತ್ತಾಳೆ. ನಡುವೆ ಒಂದು ಗೋಡೆ.

ಟ್ರಂಕಿನ ತಳದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟ ಸೀರೆಯೊಂದಿತ್ತು. ಕಪ್ಪು ನೀಲಿ ಒಡಲು, ಕೆಂಪು ರೇಷ್ಮೆಯ ಸೆರಗು, ಸೆರಗಿನಲ್ಲಿ ಬಿಳಿಯ ತೆನೆಗಳು. ಒಮ್ಮೆಯೂ ಉಟ್ಟದ್ದಲ್ಲ. ಮಡಿಕೆಯ ಒಳಗೆ ಒಂದು ವಿಭೂತಿ ಗಟ್ಟಿ ಇಟ್ಟಿದ್ದರು. ಹುಳ ಹಿಡಿಯದಿರಲೆಂದು ಇಟ್ಟಿರಬೇಕು ಎಂದುಕೊಂಡೆ. ವಿಭೂತಿಗೆ ಹುಳ ಸಾಯುತ್ತವೆ ಎಂಬ ಸಂಶೋಧನೆ ಸಂಪೂರ್ಣ ನನ್ನದೇ!

ಉಡದ ಸೀರೆ. ತುದಿಯಿಂದ ನಾಲ್ಕು ಎಳೆ ತೆಗೆದರೆ ಯಾರಿಗೆ ಗೊತ್ತಾಗುತ್ತದೆ? ಮಧ್ಯಾಹ್ನ ಮೂರರ ಬಿಸಿಲು. ಕರೆಂಟು ಹೋಗಿತ್ತು. ಓಣಿಯಲ್ಲಿ ನಾಯಿ ಕೂಡ ಉಸಿರೆತ್ತುತ್ತಿರಲಿಲ್ಲ. ಸೆರಗಿನ ಅಂಚಿನ ಒಂದು ಎಳೆ ಹಿಡಿದು ಜಗ್ಗಿದೆ. ಗೇಣುದ್ದ ಸಲೀಸಾಗಿ ಬಂದು ನಿಂತಿತು. ಇನ್ನಷ್ಟು ಜಗ್ಗಿದೆ. ಟಪ್ ಎಂದು ಕಡಿಯಿತು.

ಗೋಡೆಯ ಆಚೆ ಆಯಿ ನರಳಿದಳು.

"ಮಾಂತ್ಯಾ, ಯಾಕೋ ಬೆನ್ನಾಗ ಒಂದು ನರ ಜಗ್ಗಿದಂಗ ಆತಲ್ಲೋ."

ನಾನು ಓಡಿಹೋಗಿ ಮುಲಾಮು ತಿಕ್ಕಿದೆ. ಮೊಮ್ಮಗನ ಪ್ರೀತಿ ಕಂಡು ಆಯಿ ನನ್ನ ತಲೆ ಸವರಿದಳು. ಮರುದಿನ ಹತ್ತು ಎಳೆ ತೆಗೆದೆ. ಹತ್ತನೆಯದು ಕಡಿದಾಗ ಮತ್ತೆ ಅದೇ ನರಳಾಟ, ಅದೇ ಜಾಗ, ಮತ್ತೆ ಮುಲಾಮು. ಮೂರನೆಯ ದಿನ ನನಗೆ ಅನುಮಾನ ಬಂದು ಎಳೆಯನ್ನು ತೀರಾ ಮೆಲ್ಲಗೆ, ಉಸಿರು ಬಿಗಿಹಿಡಿದು ಎಳೆದೆ. ಆಯಿ ಕೂಡ ತೀರಾ ಮೆಲ್ಲಗೆ ನರಳಿದಳು.

ವಿದ್ಯಾವಂತ ಯುವಕನೊಬ್ಬ ಇದರಿಂದ ಏನು ತಿಳಿಯಬೇಕು? ವಯಸ್ಸಾದವರಿಗೆ ಸುಣ್ಣದಂಶ ಕಡಿಮೆಯಾಗುತ್ತದೆ ಎಂದು ತಿಳಿದುಕೊಂಡೆ. ಹತ್ತು ದಿನದಲ್ಲಿ ನೂರು ಎಳೆ ಬಂದವು, ಮುಲಾಮಿನ ಎರಡು ಡಬ್ಬಿ ಖಾಲಿಯಾದವು.

ಇನ್ನು ಹೊಲಿಗೆಯ ಕಥೆ. ನಾಲ್ಕು ಎಳೆ ಎಣಿಸಬೇಕಾದಲ್ಲಿ ನಾನು ಐದು ಎಣಿಸುತ್ತಿದ್ದೆ, ಕೆಲವೊಮ್ಮೆ ಮೂರು. ವಜ್ರದ ಮನೆಗಳು ಮೇಲೆ ಕೆಳಗೆ ಸೇರದೆ ನಡುವೆ ಬಾಯಿಬಿಟ್ಟವು. ಮೊದಲ ಸಾಲು ನೋಡಿ ಅವ್ವ, ಶಂಕರಪೋಳಿ ಮಾಡುತ್ತಿದ್ದೀಯಾ ಎಂದು ಕೇಳಿದಳು. ನಾಲ್ಕನೆಯ ಸಾಲಿಗೆ ಆಕೆಯ ನಗು ನಿಂತಿತು. ಅವು ಕಣ್ಣುಗಳಾಗಿದ್ದವು. ಬಿಳಿ ಕಣ್ಣು, ನಡುವೆ ಕೆಂಪು ಗುಡ್ಡೆ. ಪಡಸಾಲೆಯಲ್ಲಿ ಎಲ್ಲಿ ಕೂತರೂ ನಮ್ಮನ್ನೇ ನೋಡುತ್ತಿದ್ದವು. ಅವ್ವ ಚೀಲದ ಮೇಲೆ ಹಿಟ್ಟಿನ ಜರಡಿ ಬೋರಲು ಹಾಕಿದಳು. ಅವು ಜರಡಿಯ ತೂತಿನಿಂದ ನೋಡತೊಡಗಿದವು.

ಒಂದು ದಿನ ಆಯಿಯೇ ಜರಡಿ ಎತ್ತಿ ಚೀಲ ಕೈಗೆತ್ತಿಕೊಂಡಳು. ಕೆಂಪು ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದಳು. ಈ ರೇಷ್ಮೆ ಎಲ್ಲಿಯದು ಎಂದು ಕೇಳಿದಳು. ಆನ್‌ಲೈನಿನಲ್ಲಿ ತರಿಸಿದೆ ಎಂದೆ. ಆಕೆ ಚೀಲವನ್ನು ಮೂಗಿಗೆ ಹಿಡಿದಳು.

"ಆನ್‌ಲೈನ್‌ನಾಗ ತರ್ಸಿದ್ದಕ್ಕ ವಿಭೂತಿ ವಾಸನಿ ಬರತೈತೇನೋ ತಮ್ಮಾ?"

ಇಷ್ಟು ಕೇಳಿ, ಉತ್ತರಕ್ಕೂ ಕಾಯದೆ, ಚೀಲವನ್ನು ಇದ್ದಲ್ಲಿಯೇ ಇಟ್ಟು ಮಲಗಿದಳು.

ನಾನು ಚೀಲದ ಮೇಲೆ ಜರಡಿ ಮತ್ತೆ ಬೋರಲು ಹಾಕಿದೆ. ಅಡುಗೆಮನೆಗೆ ಹೋಗಿ, ಏನೂ ಆಗಿಲ್ಲವೆಂಬಂತೆ, ಟ್ರಂಕಿನ ತಳದಲ್ಲಿರುವ ಸೀರೆ ಯಾರದೆಂದು ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

"ಅದನ್ನ ಮುಟ್ಟೀಯೇನು? ಆಯಿ ಹೋಗೂ ಮುಂದ ಉಡಿಸೂ ಸೀರಿ ಅದು."

ಅಜ್ಜ ಮಗ್ಗದಿಂದ ಇಳಿಸಿದ ಕೊನೆಯ ಸೀರೆಯಂತೆ. ಸೆರಗನ್ನು ಒಡಲಿಗೆ ಜೋಡಿಸುವ ಕೆಲಸ ಆಯಿಯೇ ಮಾಡಿದ್ದಳಂತೆ. ಮಣ್ಣಿಗಿಡುವಾಗ ಅದನ್ನೇ ಉಡಿಸಬೇಕು, ಬೇರೆ ಯಾವುದೂ ಬೇಡ ಎಂದು ಮಗ ಸೊಸೆಯಿಂದ ಮಾತು ತೆಗೆದುಕೊಂಡಿದ್ದಾಳಂತೆ. ಇಷ್ಟು ವರ್ಷಗಳಲ್ಲಿ ಆಕೆ ಈ ಮನೆಯಲ್ಲಿ ಕೇಳಿದ್ದು ಅದೊಂದೇ. ನಾನು ಅದರಿಂದಲೇ ನೂರು ಎಳೆ ಕಿತ್ತಿದ್ದೆ.

ತಪ್ಪು ತಿಳಿದ ಮೇಲೆ ಸುಮ್ಮನಿದ್ದರೆ ಅದು ಸಾಮಾನ್ಯ ಮನುಷ್ಯನ ಲಕ್ಷಣ. ನಾನು ರಿಪೇರಿಗೆ ಕೂತೆ! ಎರಡು ಸಾಲು ಹೊಲಿಗೆ ಬಿಚ್ಚಿದೆ. ರೇಷ್ಮೆ ಶಾವಿಗೆಯಂತೆ ಮುದುಡಿ ಬಂತು. ಸೂಜಿಗೆ ಪೋಣಿಸಿ ಸೆರಗಿನೊಳಗೆ ತೂರಿಸಹೋದೆ. ಸಾಲಾಗಿದ್ದ ಬಿಳಿ ತೆನೆಗಳಲ್ಲಿ ಎರಡು ಸೊಟ್ಟಗಾದವು. ಕೈಬಿಟ್ಟು, ಸೀರೆಯನ್ನು ಬ್ಯಾಗಿಗೆ ಹಾಕಿಕೊಂಡು ಇಳಕಲ್ಲಿನ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಎರಡು ಸಲ ಮೂಗೇರಿಸಿ, ಯಾರ ಮಣ್ಣಿಗೆ ಹೊರಟಿದ್ದೀಯಪ್ಪಾ ಎಂದು ವಿಚಾರಿಸಿದಳು. ನಾನು ಬ್ಯಾಗಿನ ಜಿಪ್ ಎಳೆದೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳು.

ಇಳಕಲ್ಲಿನಲ್ಲಿ ಕೇಳುತ್ತಾ ಹೋಗಿ ಒಬ್ಬ ಮುದಿ ನೇಕಾರನನ್ನು ಹಿಡಿದೆ. ಆತ ನನಗೂ ಹೊಸಬ, ನಮ್ಮ ಮನೆಯವರಿಗೂ ಹೊಸಬ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದ. ಸೀರೆ ಬಿಚ್ಚಿ ಬೆಳಕಿಗೆ ಹಿಡಿದ. ಸೆರಗಿನಿಂದ ಹೊರಟ ಸಣ್ಣ ಸುಕ್ಕಿನ ಗೆರೆಗಳು ನೀಲಿ ಒಡಲಿನೊಳಗೆ ಇಳಿದುಹೋಗಿದ್ದವು. ನಾನು ಅವನ್ನು ನೋಡಿಯೇ ಇರಲಿಲ್ಲ.

"ಸೆರಗಿನ ಒಂದೊಂದ್ ಎಳೀನೂ ಒಡಲಿನ ಎಳಿಗೆ ಕೊಂಡಿ ಹಾಕಿರ್ತೇವಿ. ಇಲ್ಲಿ ಜಗ್ಗಿದ್ರ ಅಲ್ಲಿ ಜಗ್ಗತೈತಿ. ಎಷ್ಟು ಜಗ್ಗೀದಿ?"

ನೂರು ಎಂದೆ. ಯಾರ ಸೀರೆ ಎಂದು ಕೇಳಿದ, ಹೇಳಿದೆ. ಆತ ಕೂಡಲೇ ಸೀರೆಯಿಂದ ಕೈ ತೆಗೆದು ಲುಂಗಿಗೆ ಒರೆಸಿಕೊಂಡ. ತಾನು ಇದಕ್ಕೆ ಕೈ ಹಚ್ಚುವುದಿಲ್ಲ, ಉಡುವವಳು ಇದ್ದಾಳಲ್ಲ, ಆಕೆಯನ್ನೇ ಕೇಳು ಎಂದ. ನಾನು ಮಡಚಿಕೊಂಡು ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದ.

"ಆಕಿಗೆ ಬೆನ್ನು ನೋಯತೈತೇನು?"

ಬೆನ್ನಿನ ವಿಷಯ ನಾನು ಆತನಿಗೆ ಹೇಳಿರಲೇ ಇಲ್ಲ. ಬಸ್‌ಸ್ಟ್ಯಾಂಡಿನ ತನಕ ಹಿಂತಿರುಗಿ ನೋಡದೆ ನಡೆದೆ. ನಡೆದೆ ಎಂಬುದು ಮರ್ಯಾದೆಯ ಮಾತು.

ಮನೆಗೆ ಬಂದು ಸೀರೆಯನ್ನು ಆಯಿಯ ಮಂಚದ ಮೇಲಿಟ್ಟು ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಬೈಯಲಿಲ್ಲ. ಮೊದಲ ದಿನವೇ ಗೊತ್ತಿತ್ತಂತೆ. ತನ್ನ ಟ್ರಂಕಿನ ಮುಚ್ಚಳದ ಸಪ್ಪಳ ತನಗೆ ತಿಳಿಯುವುದಿಲ್ಲವೇ ಎಂದಳು. ನನಗೆ ಹೋದ ಜೀವ ಬಂತು. ಹಾಗಾದರೆ ಇಷ್ಟು ದಿನ ನನ್ನನ್ನು ಆಟವಾಡಿಸುತ್ತಿದ್ದಳು!

"ಅಂದ್ರ ಬೆನ್ನು ನೋವು ಸುಳ್ಳೇನ್ ಆಯಿ?"

"ಇಲ್ಲೋ. ಅದು ಖರೇನ."

ಆಕೆ ಸೀರೆಯ ಗೆರೆಗಳನ್ನು ಬಹಳ ಹೊತ್ತು ಸವರಿದಳು. ಆಮೇಲೆ ಚೀಲ ತರಿಸಿ ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ನೋಡಿ ತೀರ್ಪು ಕೊಟ್ಟಳು.

"ಕಡದ ಎಳಿ ಹೊಳ್ಳಿ ಸೀರ್ಯಾಗ ಹೋಗಂಗಿಲ್ಲ. ಆದ್ರ ಅವೂ ನನ್ನ ಕೂಡ ಬರಬೇಕಲ್ಲ. ಚೀಲಾ ಮುಗಸು. ನನ್ನ ಕೊರಳಾಗಿನ ಲಿಂಗ ಇದರಾಗ ಇಟ್ಕೊಂಡು ಹೋಗ್ತೇನಿ. ಇದು ಮುಗಿಯೂತನಕ ನಾ ಎಲ್ಲೂ ಹೋಗಂಗಿಲ್ಲ."

ಕ್ಷಮೆ ಸಿಕ್ಕಿತು ಎಂದು ನಾನು ಹಿಗ್ಗಿದೆ. ನನ್ನ ಮೊದಲ ಕಲಾಕೃತಿಗೆ ಆಗಲೇ ಗಿರಾಕಿ ಬೇರೆ! ಕೊನೆಯ ಮಾತಿನ ಅರ್ಥ ಎರಡು ಸಾಲು ಹೊಲಿದ ಮೇಲೆ ತಲೆಗೆ ಹೋಯಿತು. ಸೂಜಿ ಕೆಳಗಿಟ್ಟೆ.

ಅವ್ವನ ತಲೆಗೆ ಅದು ನನಗಿಂತ ಮೊದಲೇ ಹೋಗಿತ್ತು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಇಷ್ಟೊಂದು ಅವಸರ ಯಾಕೆ ಎಂದು ಹಲ್ಲು ಕಚ್ಚಿ ಕೇಳಿದಳು. ಗಂಡುಮಗ ಸೂಜಿ ಹಿಡಿಯುತ್ತಾನೆಂದು ಮೂರು ತಿಂಗಳಿಂದ ನನ್ನೊಡನೆ ಮಾತು ಬಿಟ್ಟಿದ್ದ ಅಪ್ಪ, ದಿನಕ್ಕೆ ಒಂದೇ ಹೊಲಿಗೆ ಸಾಕು, ಕಣ್ಣು ಹಾಳು ಮಾಡಿಕೊಳ್ಳಬೇಡ ಎಂದ. ನನ್ನ ಸೋಮಾರಿತನವನ್ನು ಮನೆಮಂದಿಯೆಲ್ಲ ಹೀಗೆ ಬೆಂಬಲಿಸಿದ್ದು ಇದೇ ಮೊದಲು. ಬಿಚ್ಚಿ ಬಿಚ್ಚಿ ಹೊಲಿಯೋಣವೆಂದರೆ, ಹೊಲಿಗೆ ಬಿಚ್ಚಿದಾಗಲೆಲ್ಲ ಪಡಸಾಲೆಯಿಂದ ನರಳುವ ಸದ್ದು.

ಆಗ ನನಗೊಂದು ಉಪಾಯ ಹೊಳೆಯಿತು. ತಪ್ಪು ಮಾಡುವುದು! ಅದರಲ್ಲಿ ನನ್ನನ್ನು ಮೀರಿಸುವವರು ಯಾರು? ಲೆಕ್ಕ ತಪ್ಪಿಸಿದರೆ ವಜ್ರಗಳು ಸೇರುವುದಿಲ್ಲ. ಸೇರದಿದ್ದರೆ ಚೀಲ ಮುಗಿಯುವುದಿಲ್ಲ. ಬೇಕೆಂದೇ ಐದು ಎಳೆ ಎಣಿಸಿ ಸೂಜಿ ಚುಚ್ಚಿದೆ. ಹೊಲಿಗೆ ಸರಿಯಾಗಿ ಕೂತಿತು. ಮೂರು ಎಣಿಸಿದೆ. ಇನ್ನೂ ಸರಿಯಾಗಿ ಕೂತಿತು. ಬಟ್ಟೆ ಹತ್ತಿರ ಹಿಡಿದು ನೋಡಿದರೆ ನಾಲ್ಕೇ ಎಳೆ. ಕೊನೆಗೆ ನೋಡದೆ, ಎಣಿಸದೆ, ಕಣ್ಣು ಮುಚ್ಚಿ ಹೊಲಿದೆ. ಮೇಲಿನ ವಜ್ರ ಕೆಳಗಿನ ವಜ್ರಕ್ಕೆ ಮುಟ್ಟಿ, ಬಾಯಿ ಬಿಟ್ಟಿದ್ದ ಮನೆಗಳು ಒಂದೊಂದಾಗಿ ಕೂಡಿಕೊಂಡವು. ನಮ್ಮನ್ನು ನೋಡುತ್ತಿದ್ದ ಕಣ್ಣುಗಳು ಸಾಲಾಗಿ ಮುಚ್ಚಿಕೊಂಡವು.

"ಈಗ ಕಲ್ತಿ ನೋಡು," ಎಂದಳು ಆಯಿ, ಮಂಚದ ಮೇಲಿಂದ. ಆಕೆಗೆ ಅಲ್ಲಿಂದ ಚೀಲ ಕಾಣುವುದಿಲ್ಲ.

ಒಂದೇ ಸಾಲು ಉಳಿದಿದೆ. ಆಯಿ ಗಟ್ಟಿಮುಟ್ಟಾಗಿದ್ದಾಳೆ, ಎರಡು ರೊಟ್ಟಿ ತಿನ್ನುತ್ತಾಳೆ. ದಿನಾ ಊಟವಾದ ಮೇಲೆ ಕನ್ನಡಕವಿಲ್ಲದೆ ಸೂಜಿಗೆ ಕೆಂಪು ರೇಷ್ಮೆ ಪೋಣಿಸಿ, ನಗುತ್ತಾ ನನ್ನ ಮುಂದೆ ಇಡುತ್ತಾಳೆ. ಈಗಲೂ ಇಟ್ಟಿದ್ದಾಳೆ. ತುರ್ತು ಬರವಣಿಗೆ ಇದೆ ಆಯಿ, ಮುಗಿಸಿ ಬರುತ್ತೇನೆ ಎಂದು ಹೇಳಿದ್ದೇನೆ. ಎರಡು ಪ್ಯಾರಾದಲ್ಲಿ ಮುಗಿಯಬೇಕಾದ ಕಥೆಯನ್ನು ಇಷ್ಟುದ್ದ ಎಳೆದದ್ದು ಅದಕ್ಕೇ.