ಮೂರು ಡಬ್ಬಿಗೆ ಒಬ್ಬ ಯಜಮಾನ

ಕೆಲಸ ಸುಸೂತ್ರವಾಗಿ ಆಗಲಿ ಎಂದು ಹುಲುಗೇಶ್ ಬೆಳಗ್ಗೆಯೇ ಒಂದು ಕಾಗದ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದ. ಅದೇ ತಪ್ಪಾಯಿತು.

ಹಗರಿಬೊಮ್ಮನಹಳ್ಳಿಯ ಆ ಸಹಕಾರಿ ಆಸ್ಪತ್ರೆಯಲ್ಲಿ ಮೆಟ್ಟಿಲ ಕೆಳಗೊಂದು ಕಬ್ಬಿಣದ ಕಪಾಟು. ಅದರೊಳಗೆ ಮೂರು ನೆಟ್‌ವರ್ಕ್ ಸ್ವಿಚ್ಚು. ಆಸ್ಪತ್ರೆಯವರ ಬಾಯಲ್ಲಿ ಅವು ಡಬ್ಬಿಗಳು. ಚೀಟಿ ಕೌಂಟರಿನ ಕಂಪ್ಯೂಟರುಗಳಿಗೆ ಒಂದು, ಲ್ಯಾಬಿಗೆ ಒಂದು, ಔಷಧಿ ಅಂಗಡಿಗೆ ಒಂದು. ಒಂದೇ ಕಪಾಟಿನಲ್ಲಿದ್ದರೂ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದಕ್ಕೊಂದು ಮಾತಿಲ್ಲ. ಒಂದು ಕೆಟ್ಟರೆ ಆ ವಿಭಾಗ ದಿನವಿಡೀ ಕೈಕಟ್ಟಿ ಕೂರಬೇಕು. ಇವತ್ತು ಮೂರನ್ನೂ ಬೆನ್ನ ಹಿಂದಿನಿಂದ ಕೇಬಲ್ಲಿನಲ್ಲಿ ಬೆಸೆದು ಒಂದೇ ಸ್ವಿಚ್ಚಿನಂತೆ ಮಾಡಬೇಕು. ಬೆಸೆಯುವಾಗ ಆಸ್ಪತ್ರೆಯ ಕಂಪ್ಯೂಟರುಗಳು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಕೂಡದು ಎಂದು ಅಧ್ಯಕ್ಷ ಯರ್ರೆಪ್ಪನವರ ಅಪ್ಪಣೆ.

"ಒಂದೂ ತಕರಾರು ಬರದಂಗ ಮಾಡಿ ತೋರ್ಸು. ಸಂಜಿಗೆ ನಿನ್ನ ಕಾಯಂ ಕಾಗದಕ್ಕ ಸೈ ಹಾಕ್ತೀನಿ" ಎಂದಿದ್ದರು.

ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹುಲುಗೇಶ್ ಆರು ವರ್ಷದಿಂದ ಕಾಂಟ್ರಾಕ್ಟಿನವನು. ಹನ್ನೊಂದು ತಿಂಗಳಿಗೊಮ್ಮೆ ಅವನನ್ನು ಒಂದು ದಿನ ಕೆಲಸದಿಂದ ತೆಗೆದು ಮರುದಿನ ಮತ್ತೆ ಸೇರಿಸಿಕೊಳ್ಳುತ್ತಾರೆ. ಆ ಒಂದು ದಿನ ಅವನು ತಂಬ್ರಹಳ್ಳಿಯ ಮನೆಯಲ್ಲಿ ಕೂತು, ತಾನು ಯಾರೂ ಅಲ್ಲ ಎಂಬುದನ್ನು ಅಭ್ಯಾಸ ಮಾಡುತ್ತಾನೆ. ಇನ್ನು ಆ ಅಭ್ಯಾಸ ಬೇಡವೆಂದು ಹೆಂಡತಿ ಶಿವಗಂಗಾ ಓಣಿಗೆಲ್ಲ ಹೇಳಿಯೂ ಆಗಿತ್ತು.

ಅಂಟಿಸಿದ ಕಾಗದದಲ್ಲಿ ಇದ್ದದ್ದಿಷ್ಟು: 'ಮಧ್ಯಾಹ್ನ ಒಂದೂ ಮುಕ್ಕಾಲಿಗೆ ಕೆಲಸ. ಯಜಮಾನ: ಚೀಟಿ ಕೌಂಟರ್. ಸದಸ್ಯರು: ಲ್ಯಾಬ್, ಔಷಧಿ.' ಬೆಸೆದ ಮೇಲೆ ಒಂದು ಸ್ವಿಚ್ಚು ಯಜಮಾನನಾಗಬೇಕು, ಉಳಿದೆರಡು ಅದರ ಮಾತು ಕೇಳಬೇಕು. ಅದು ಯಂತ್ರದ ಪದ್ಧತಿ. ಚೀಟಿ ಕೌಂಟರಿನ ಸ್ವಿಚ್ಚು ಹೊಸದು, ಅದಕ್ಕೇ ಆ ಪಟ್ಟ.

ಹತ್ತು ಗಂಟೆಗೆ ಚೀಟಿ ಕೌಂಟರಿನ ಭೀಮೇಶ್ ಅದನ್ನು ಓದಿ, ಮಿರ್ಚಿ ಮಂಡಕ್ಕಿ ತರಿಸಿ ಹಂಚಿಬಿಟ್ಟ. "ಇವತ್ತಿಂದ ಆಸ್ಪತ್ರಿಗೆ ನಾವ ಯಜಮಾನ್ರು. ತಿನ್ರಿ, ತಿನ್ರಿ!"

ಹತ್ತೂಕಾಲಿಗೆ ಲ್ಯಾಬಿನ ಶಾಂತಕುಮಾರಿ ಮೇಡಂ, ಗ್ಲೌಸು ಕಳಚದೆಯೇ ಇಳಿದು ಬಂದರು. "ಹುಲುಗೇಶ್, ನಾನು ಎಮ್ಮೆಸ್ಸಿ ಮಾಡೀನಿ. ಹದಿನೆಂಟು ವರ್ಷ ಸರ್ವೀಸ್ ಆತು. ಪಿಯುಸಿ ಫೇಲಾದ ಭೀಮೇಶನ ಡಬ್ಬಿ ಹೇಳ್ದಂಗ ನನ್ನ ಡಬ್ಬಿ ಕೇಳ್ಬೇಕೇನು?"

"ಮೇಡಂ, ಡಬ್ಬಿಗೆ ಸರ್ವೀಸು ಗೊತ್ತಾಗಲ್ರಿ."

"ಗೊತ್ತಾಗಂಗ ಮಾಡು."

ಔಷಧಿ ಅಂಗಡಿಯ ಕೊಟ್ರಸ್ವಾಮಿ ಮಾತಾಡುವ ಪೈಕಿಯಲ್ಲ, ಮಾಡುವ ಪೈಕಿ. ತನ್ನ ಡಬ್ಬಿ ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿದೆ ಎಂಬುದು ಹತ್ತು ವರ್ಷದಲ್ಲಿ ಅವನಿಗೆ ಅವತ್ತೇ ಕಂಡದ್ದು. ಹನ್ನೊಂದೂವರೆಗೆ ಯಾರೂ ಇಲ್ಲದಾಗ ಬಂದು, ಅದನ್ನು ಎಳೆದು ಎಲ್ಲದರ ನೆತ್ತಿಯ ಮೇಲೆ ಇಟ್ಟ. ಎಳೆದ ರಭಸಕ್ಕೆ ವೈರು ಕಿತ್ತು ಬಂತು, ಔಷಧಿಯ ಬಿಲ್ಲು ನಿಂತಿತು. ನಲವತ್ತು ಮಂದಿ ಸಾಲಿನಲ್ಲಿ ಕೂಗಾಡಿದರು. ಹುಲುಗೇಶ್ ಓಡಿ ಬಂದು ವೈರು ಸಿಕ್ಕಿಸಿದಾಗ ಕೊಟ್ರಸ್ವಾಮಿ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

"ಕೊಟ್ರಸ್ವಾಮಣ್ಣ, ಇದನ್ಯಾಕ ಮುಟ್ಟಿದ್ರಿ?"

"ಮತ್ತ? ದುಡ್ಡು ತರೋ ಡಬ್ಬಿ ಕೆಳಗ, ಉಚ್ಚಿ ಪರೀಕ್ಷಿ ಮಾಡೋ ಡಬ್ಬಿ ಮ್ಯಾಲ! ಇದ್ಯಾವ ನ್ಯಾಯಲೇ?"

ಮೇಲೆ ಯಾರು, ಕೆಳಗೆ ಯಾರು ಎಂಬುದು ಹುಲುಗೇಶನಿಗೆ ಹೊಸ ಪಾಠವಲ್ಲ. ಅವನ ಕೇರಿಯವರಿಗೆ ಅದನ್ನು ಹುಟ್ಟಿದ ದಿನವೇ ಕಲಿಸಿರುತ್ತಾರೆ. ಆದರೆ ತಗಡಿನ ಡಬ್ಬಿಗಳಿಗೂ ಪಂಕ್ತಿಭೇದ ಬಂತಲ್ಲ ಎಂದು ಅವನಿಗೆ ನಗುವೂ ಸಿಟ್ಟೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿದ. ಸಂಜೆಯ ಕಾಗದ ಕಣ್ಣ ಮುಂದಿತ್ತು.

ಒಂದೂ ಮುಕ್ಕಾಲು. ರೋಗಿಗಳು ಊಟಕ್ಕೆ ಚದುರಿದ್ದರು. ಊಟ ಬಿಟ್ಟು ಕಪಾಟಿನ ಮುಂದೆ ನಿಂತವರು ಮೂವರೇ: ಭೀಮೇಶ್, ಶಾಂತಕುಮಾರಿ, ಕೊಟ್ರಸ್ವಾಮಿ. ಹುಲುಗೇಶ್ ಮೂರೂ ಸ್ವಿಚ್ಚು ಆರಿಸಿ, ಕಪಾಟಿನ ಹಿಂದೆ ತಲೆ ತೂರಿಸಿ ಕೇಬಲ್ಲು ಬೆಸೆದ. ಇನ್ನು ಯಜಮಾನನನ್ನು ಮೊದಲು ಎಬ್ಬಿಸಿ, ಅದು ಪೂರ್ತಿ ಕಣ್ಣು ಬಿಟ್ಟ ಮೇಲೆ ಉಳಿದವನ್ನು ಎಬ್ಬಿಸಬೇಕು. ಅವನು ತಲೆ ಹೊರಗೆ ತೆಗೆಯುವಷ್ಟರಲ್ಲಿ ಶಾಂತಕುಮಾರಿ ಮೇಡಂ ತಮ್ಮ ಡಬ್ಬಿಯ ಪ್ಲಗ್ಗು ತಾವೇ ಒತ್ತಿಬಿಟ್ಟಿದ್ದರು.

ಮೊದಲು ಎದ್ದ ಲ್ಯಾಬಿನ ಡಬ್ಬಿ ಯಜಮಾನಿಕೆ ಹಿಡಿಯಿತು. ಅದಕ್ಕೆ ಲ್ಯಾಬು ಬಿಟ್ಟರೆ ಲೋಕವೇ ಗೊತ್ತಿಲ್ಲ. ಚೀಟಿ ಕೌಂಟರೂ ಔಷಧಿ ಅಂಗಡಿಯೂ ಕತ್ತಲಲ್ಲೇ ಉಳಿದವು. ನಾಲ್ಕು ನಿಮಿಷ ಮಣ್ಣುಪಾಲು. ಹುಲುಗೇಶ್ ಮತ್ತೆ ಎಲ್ಲವನ್ನೂ ಆರಿಸಿದ. ಉಳಿದದ್ದು ಆರೇ ನಿಮಿಷ. ಮೂರು ಪ್ಲಗ್ಗಿನ ಮೇಲೆ ಮೂರು ಕೈ ಕೂತಿದ್ದವು, ಒಂದೂ ಅಲುಗುವ ಹಾಗಿರಲಿಲ್ಲ.

ಆಗ ಅವನಿಗೆ ಬುದ್ಧಿ ಬಂತು. ಇಷ್ಟು ದಿನ ನಿಜ ಹೇಳಿ ಏನು ಕಡಿದು ಕಟ್ಟೆ ಹಾಕಿದ್ದೆ ಎಂದುಕೊಂಡ.

ಭೀಮೇಶನ ಕಿವಿಯಲ್ಲಿ ಹೇಳಿದ: "ಮೊದ್ಲು ಎದ್ದದ್ದ ಯಜಮಾನ. ನಿಮ್ದ ಮೊದ್ಲು ಹಾಕ್ತೀನಿ."

ಶಾಂತಕುಮಾರಿಯನ್ನು ಪಕ್ಕಕ್ಕೆ ಕರೆದ: "ಮೇಡಂ, ನಡುವ ಏಳೋದ ಯಜಮಾನ್ರಿ. ಗರ್ಭಗುಡಿ ನಡುವ ಇರ್ತತಲ್ರಿ, ಹಂಗ. ನಿಮ್ದು ನಡುವ ಏಳ್ತತಿ."

ಕೊಟ್ರಸ್ವಾಮಿಯ ಹೆಗಲ ಮೇಲೆ ಬಾಗಿದ: "ಅಣ್ಣ, ಸಭಿಗೆ ದೊಡ್ಡ ಮನುಷ್ಯ ಯಾವಾಗ ಬರ್ತಾನ? ಎಲ್ಲಾರೂ ಕುಂತ ಮ್ಯಾಲ. ನಿಮ್ದು ಕೊನಿಗೆ."

ಮೂವರಿಗೂ ಒಂದೇ ಎಚ್ಚರಿಕೆ: "ಯಾರಿಗೂ ಹೇಳಬ್ಯಾಡ್ರಿ. ದೃಷ್ಟಿ ತಾಗ್ತತಿ."

ಮೂರು ಕೈಯೂ ಸರಿದವು. ಮೊದಲು ಚೀಟಿ, ನಡುವೆ ಲ್ಯಾಬು, ಕೊನೆಗೆ ಔಷಧಿ. ಒಂಬತ್ತನೆಯ ನಿಮಿಷಕ್ಕೆ ಸಾಲಾಗಿ ಹಸಿರು ದೀಪಗಳು ಹತ್ತಿದವು, ಮೂರೂ ವಿಭಾಗದ ಕಂಪ್ಯೂಟರುಗಳು ಜೀವ ತಳೆದವು. ಮೂವರು ಯಜಮಾನರೂ ಉಳಿದಿಬ್ಬರನ್ನು ಕನಿಕರದಿಂದ ನೋಡುತ್ತ ಊಟಕ್ಕೆ ಹೊರಟರು. ಅಷ್ಟು ಶಾಂತಿ ಆ ಆಸ್ಪತ್ರೆಯಲ್ಲಿ ಯಾವತ್ತೂ ಇರಲಿಲ್ಲ.

ಸಂಜೆ ನಾಲ್ಕೂವರೆಗೆ ಅಧ್ಯಕ್ಷರ ಕರೆ ಬಂತು. ಯರ್ರೆಪ್ಪನವರು ಒಬ್ಬರೇ ಇದ್ದರು. ಮೇಜಿನ ಮೇಲೆ ನೇಮಕದ ಆದೇಶ ಟೈಪಾಗಿ ಕೂತಿತ್ತು. ಅದರ ಪಕ್ಕ ಮಡಿಸಿದ ಮೂರು ಕಾಗದ.

"ಬಾರಪ್ಪಾ ಹುಲುಗೇಶಾ. ಆರು ವರ್ಷದಾಗ ನನ್ನಿಂದ ಆಗದ್ದು ನೀನು ಒಂಬತ್ತು ನಿಮಿಷದಾಗ ಮಾಡೀದಿ. ಮೂರು ಮಂದೀನೂ ಗುಟ್ಟಾಗಿ ಬಂದು ನಿನ್ನ ಹೊಗಳಿ ಬರದು ಕೊಟ್ಟು ಹೋಗ್ಯಾರ. ಯಜಮಾನ ಡಬ್ಬಿ ನಮ್ದು, ಹುಲುಗೇಶ ನಮ್ಮಾನು, ಅವನ ಕಾಯಂ ಮಾಡಿ ನಮ್ಮ ವಿಭಾಗಕ್ಕ ಹಾಕ್ರಿ ಅಂತ. ಮೂರೂ ಕಾಗದ ಒಂದ ತರ."

ಹುಲುಗೇಶನ ಎದೆ ತುಂಬಿ ಬಂತು. "ನಿಮ್ಮ ಆಶೀರ್ವಾದ ಸರ್" ಎಂದ.

ಯರ್ರೆಪ್ಪನವರು ಪೆನ್ನು ತೆರೆದು ಆದೇಶವನ್ನು ಮುಂದಕ್ಕೆಳೆದುಕೊಂಡರು. ಅದರಲ್ಲಿ 'ವಿಭಾಗ' ಎಂಬಲ್ಲಿ ಜಾಗ ಖಾಲಿಯಿತ್ತು.

"ಇಲ್ಲಿ ಒಂದು ವಿಭಾಗ ಬರೀಬೇಕು. ಎರಡು ಬರಿಯಂಗಿಲ್ಲ, ಬೈಲಾ ಐತಿ. ಯಾವ್ದು ಬರೀಲಿ?"

"ಯಾವ್ದಾದ್ರೂ ಬರೀರಿ ಸರ್."

"ಬರದ ಕೂಡ್ಲೇ ಉಳಿದಿಬ್ರಿಗೆ ಗೊತ್ತಾಗ್ತತಿ, ಯಜಮಾನ ಯಾರು ಅಂತ. ನಾಳೆ ಬೆಳಿಗ್ಗಿಗೆ ಮತ್ತ ವೈರು ಕಿತ್ತಾಡ್ತಾರ." ಅವರು ಪೆನ್ನಿನ ಮುಚ್ಚಳ ಹಾಕಿದರು. "ವಿಚಾರ ಮಾಡು. ಕಾಂಟ್ರಾಕ್ಟಿನಾನು ಯಾವ ವಿಭಾಗದಾನೂ ಅಲ್ಲ. ಅದಕ್ಕ ಮೂರೂ ಮಂದಿ ನಿನ್ನ ನಮ್ಮಾನು ಅಂತಾರ. ಕಾಯಂ ಆದ್ಯಪಾ ಅಂದ್ರ ಒಬ್ರಿಗೆ ಬೇಕಾದಾನು, ಇಬ್ರಿಗೆ ವೈರಿ. ಹಿಂಗ ಇರು. ನಿನ್ನಂಥಾನ ಕಳಕೊಳ್ಳಾಕ ಆಗಲ್ಲ ನಂಗ."

"ಸರ್, ಮಾತು ಕೊಟ್ಟಿದ್ರಿ..."

"ಕೊಟ್ಟಿದ್ದೆ. ಆಸ್ಪತ್ರಿ ಮುಖಾ ನೋಡ್ಬೇಕಲ್ಲಪಾ. ನಿಮ್ಮಪ್ಪ ಗಾಳೆಪ್ಪಂದೂ ಹಿಂಗ ಆಗಿತ್ತು, ನಮ್ಮಪ್ಪಾರು ಅಧ್ಯಕ್ಷರಿದ್ದಾಗ. ಮೂರೂ ಕಡಿ ಕಸ ಹೊಡೀತಿದ್ದ. ಗಾಳೆಪ್ಪ ನಮ್ಗ ಬೇಕು, ನಮ್ಗ ಬೇಕು ಅಂತ ಮೂರೂ ಕಡ್ಯಾರು ಜಗಳಾಡಿದ್ರು. ಆದೇಶ ಟೈಪಾಗಿತ್ತು. ಸುಮ್ನ ತಕರಾರು ಯಾಕ ಅಂತ ದಿನಗೂಲಿ ಮ್ಯಾಲ ಇಟ್ಕೊಂಡ್ರು. ಮೂವತ್ತೊಂದು ವರ್ಷ! ಅಷ್ಟು ಬೇಕಾದ ಮನುಷ್ಯ ಆತ."

ಹುಲುಗೇಶನಿಗೆ ಇದು ಗೊತ್ತಿರಲಿಲ್ಲ. ಅವನ ಅಪ್ಪನಿಗೂ ಗೊತ್ತಿರಲಿಲ್ಲ. ತಾನು ಯಾರಿಗೂ ಬೇಡವಾಗಿದ್ದಕ್ಕೇ ಕಾಯಂ ಆಗಲಿಲ್ಲ ಎಂದುಕೊಂಡೇ ಗಾಳೆಪ್ಪ ಸತ್ತಿದ್ದ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಶಿವಗಂಗಾಳ ಫೋನು ಬಂತು. "ಕಾಗದ ಕೊಟ್ರೇನ್ರಿ?"

"ಇಲ್ಲ. ನಾನು ಎಲ್ಲಾರಿಗೂ ಭಾಳ ಬೇಕಾದಾನಂತ."

"ಹಂಗಂದ್ರ?"

ತಂಬ್ರಹಳ್ಳಿಯ ಬಸ್ಸು ಹೊರಡುವುದರಲ್ಲಿತ್ತು. ಮನೆಗೆ ಬಂದು ಹೇಳುತ್ತೇನೆ ಎಂದು ಫೋನಿಟ್ಟು ಹತ್ತಿದ. ಸೀಟಿರಲಿಲ್ಲ, ನಿಂತೇ ಹೋದ.