ನ್ಯೂ ಟೌನಿನಲ್ಲಿ ನಾನು ಕಾರ್ಡಿನವನಾದದ್ದು

ಖಾಸಗಿತನ ಎನ್ನುವ ಪದವನ್ನು ನಾನು ಇದುವರೆಗೆ ಬಳಸಿರುವುದೆಲ್ಲ ತರಗತಿಯಲ್ಲಿ ಮತ್ತು ವೇದಿಕೆಯ ಮೇಲೆ. ಮನೆಯಲ್ಲಿ ಬಳಸುವ ಸಂದರ್ಭವೇ ಬಂದಿಲ್ಲ. ಶಿವಮೊಗ್ಗದ ಹೊಸಮನೆಯಲ್ಲಿ ನಮ್ಮ ವಾಸ. ನಮಗೂ ಪಕ್ಕದವರಿಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಸೊಂಟದೆತ್ತರದ್ದು. ನಮ್ಮ ಒಲೆಯ ಮೇಲೆ ಒಗ್ಗರಣೆ ಸೀದರೆ "ಏನ್ರೀ ಗಿರಿಜಮ್ಮ, ಯಾರದೋ ಫೋನ್ ಬಂದಿತ್ತಾ?" ಎಂದು ಆ ಕಡೆಯಿಂದ ಪ್ರಶ್ನೆ ಬರುತ್ತದೆ. ನಾನು ಹೊಟ್ಟೆ ಕೆಟ್ಟು ಕಾಲೇಜಿಗೆ ರಜೆ ಹಾಕಿದರೆ, ಆ ಸಂಗತಿ ನನಗಿಂತ ಮೊದಲೇ ಔಷಧಿ ಅಂಗಡಿಯನ್ನು ತಲುಪಿರುತ್ತದೆ. ಸಿಟಿ ಬಸ್ಸಿನ ಕಥೆ ಕೇಳಲೇಬೇಡಿ. ಪಕ್ಕದಲ್ಲಿ ಕೂತವರು ಗುರುತಿನವರೇ ಆಗಬೇಕೆಂದಿಲ್ಲ. "ಯಾವ ಕಡೆಯವ್ರು? ಸ್ವಂತ ಮನೆನಾ? ಮಕ್ಕಳೆಷ್ಟು? ಒಂದೇನಾ? ಯಾಕೆ?" ಎಂದು ಶುರು ಮಾಡುತ್ತಾರೆ. ಆ ಕೊನೆಯ 'ಯಾಕೆ'ಗೆ ಉತ್ತರಿಸುವ ಮೊದಲು ನನ್ನ ಸ್ಟಾಪು ಬಂದುಬಿಟ್ಟರೆ ನಾನು ಬದುಕಿದೆ.

ಇಷ್ಟನ್ನೆಲ್ಲ ನಗುನಗುತ್ತಾ ಸಹಿಸಿಕೊಂಡಿದ್ದವನಿಗೆ, ದೇಶದ ಪ್ರತಿಯೊಬ್ಬರಿಗೂ ಸರಕಾರ ಒಂದು ಗುರುತಿನ ಕಾರ್ಡು ಕೊಡುತ್ತದಂತೆ, ಅದರಲ್ಲಿ ನಮ್ಮ ಹುಟ್ಟಿನಿಂದ ಹಿಡಿದು ಹೆಬ್ಬೆಟ್ಟಿನವರೆಗೆ ಎಲ್ಲವೂ ಇರುತ್ತದಂತೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬರತೊಡಗಿದಾಗ ಮೈ ಉರಿದುಹೋಯಿತು. ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಮೈ ಉರಿಯುವುದು ನನ್ನ ಕೆಲಸದ ಒಂದು ಭಾಗ. ಸ್ಟಾಫ್ ರೂಮಿನಲ್ಲಿ ಮಾತಾಡಿದೆ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದಲ್ಲೇ ಮಾತಾಡಿದೆ, ಮನೆಯಲ್ಲಿ ಊಟದ ಹೊತ್ತಿಗೆ ಮಾತಾಡಿದೆ. "ನಮ್ಮ ಬದುಕನ್ನೆಲ್ಲ ಒಂದು ಕಾರ್ಡಿನಲ್ಲಿ ಹಾಕಿ ಅವರ ಕೈಗೆ ಕೊಡಬೇಕಂತಲ್ಲ ಮಾರಾಯ್ತಿ!" ಎಂದು ಹೆಂಡತಿ ಗಿರಿಜೆಯ ಮುಂದೆ ಹಾರಾಡಿದರೆ ಅವಳು, "ಫೋಟೋ ಯಾರು ತೆಗೀತಾರಂತೆ?" ಎಂದು ಕೇಳಿದಳು. ಅವಳ ಆತಂಕಕ್ಕೆ ಕಾರಣವಿತ್ತು. ಹಿಂದೆ ಮತದಾರರ ಗುರುತಿನ ಚೀಟಿಗೆಂದು ಶಾಲೆಯ ಬೆಂಚಿನ ಮೇಲೆ ಕೂರಿಸಿ ತೆಗೆದ ಫೋಟೋದಲ್ಲಿ ಅವಳು ಆಗತಾನೆ ಯಾರನ್ನೋ ಹೊಡೆದು ಬಂದವಳಂತೆ ಕಾಣುತ್ತಿದ್ದಳು. ಆ ಚೀಟಿಯನ್ನು ಅವಳು ಇವತ್ತಿಗೂ ನನಗೆ ತೋರಿಸಿಲ್ಲ. ಮತಗಟ್ಟೆಯಲ್ಲಿ ಅಧಿಕಾರಿ ಅದನ್ನು ನೋಡುವಾಗ ನಾನು ಇಣುಕಿ ನೋಡಿದ್ದು, ಅಷ್ಟೇ. ನಮ್ಮ ಮನೆಯಲ್ಲಿ ಖಾಸಗಿ ಎಂದು ಏನಾದರೂ ಇದ್ದರೆ ಅದೊಂದೇ ಎಂದು ನಾನು ನಂಬಿಕೊಂಡಿದ್ದೆ.

ನನ್ನ ಹಾರಾಟದ ಸುದ್ದಿ ಭದ್ರಾವತಿಯವರೆಗೂ ಹೋಯಿತು. ಅಲ್ಲಿನ ಕಾರ್ಖಾನೆ ನೌಕರರ ಬಡಾವಣೆ ನ್ಯೂ ಟೌನಿನ ಗೆಳೆಯರ ಬಳಗವೊಂದು ತಾನು ಏರ್ಪಡಿಸಿದ್ದ ಸಾರ್ವಜನಿಕ ಚರ್ಚೆಗೆ ನನ್ನನ್ನು ಕರೆಯಿತು. 'ರಾಷ್ಟ್ರೀಯ ಗುರುತಿನ ಕಾರ್ಡು: ಬೇಕೆ, ಬೇಡವೆ?' ಎಂಬ ವಿಷಯ. ನಾನು ಬೇಡ ಎನ್ನುವ ಕಡೆಯವನು. ಕೊನೆಯಲ್ಲಿ ಸಭಿಕರು ಕೈಯೆತ್ತಿ ತೀರ್ಮಾನ ಹೇಳುವುದೆಂದೂ ಇತ್ತು. ನಾನು ಕೂಡಲೇ ಒಪ್ಪಿಕೊಂಡು ಕನ್ನಡಿಯ ಮುಂದೆ ಅಭ್ಯಾಸ ಶುರು ಮಾಡಿದೆ.

ಇದೇ ಹೊತ್ತಿಗೆ ನಮ್ಮ ಒಬ್ಬಳೇ ಮಗಳು ಸುಮಾಳಿಗೆ ಅದೇ ನ್ಯೂ ಟೌನಿನಿಂದ ಒಂದು ಸಂಬಂಧ ಬಂತು. ತಂದವರು ನನ್ನ ಹೆಂಡತಿಯ ಸೋದರಮಾವ. ಹುಡುಗನ ಹೆಸರು ಪ್ರಸನ್ನ. ಭದ್ರಾವತಿಯಲ್ಲೇ ಬ್ಯಾಂಕಿನಲ್ಲಿ ಕೆಲಸ. ತಂದೆ ಚನ್ನಬಸಪ್ಪನವರು ಕಾರ್ಖಾನೆಯ ಫೋರ್‌ಮನ್. ಸುಮಾ ಕೂಡ ದಿನಾ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ ಶಾಲೆಯೊಂದರಲ್ಲಿ ಪಾಠ ಹೇಳಿ ಬರುವವಳು, ಹಾಗಾಗಿ ಊರು ಅವಳಿಗೆ ಹೊಸದಲ್ಲ. ಇದಕ್ಕೂ ಮೊದಲು ಬಂದ ಸಂಬಂಧಗಳಿಗೆಲ್ಲ ಅವಳು ಫೋಟೋವನ್ನೂ ನೋಡದೆ ತಲೆಯಾಡಿಸಿದ್ದಳು. ಈ ಸಲ ಮಾತ್ರ ತಲೆ ತಗ್ಗಿಸಿ "ನಿಮ್ಮಿಷ್ಟ ಅಪ್ಪಾ" ಎಂದಳು. ನನ್ನ ಮಗಳ ಬಾಯಲ್ಲಿ ಈ ಮಾತನ್ನು ಅವಳು ಹುಟ್ಟಿದಾಗಿನಿಂದ ನಾನು ಕೇಳಿರಲಿಲ್ಲ. "ನೋಡಿ, ಈ ಸಂಬಂಧ ತಪ್ಪಿಹೋದ್ರೆ ಅವಳು ಮದುವೇನೇ ಬೇಡ ಅಂತಾಳೆ. ನೀವು ಮಧ್ಯೆ ಬಾಯಿ ಹಾಕಿ ಕೆಡಿಸಬೇಡಿ" ಎಂದು ಹೆಂಡತಿ ಎಚ್ಚರಿಸಿದಳು. ಮಗಳ ಮುಖದಲ್ಲಿದ್ದ ಬೆಳಕು ನನಗೂ ಕಂಡಿತ್ತು. ಅದು ಆರಿಹೋಗುವಂಥ ಕೆಲಸ ನನ್ನಿಂದಾಗಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆದರೆ ಹೆಣ್ಣು ಹೆತ್ತವನು ವಿಚಾರಣೆ ಮಾಡದೆ ಇರುವುದು ಹೇಗೆ? ನಮ್ಮಲ್ಲಿ ಹುಡುಗನ ವಿಚಾರಣೆ ಎನ್ನುವುದು ಒಂದು ಶಾಸ್ತ್ರ, ಅದಕ್ಕೆ ತನ್ನದೇ ನಿಯಮಗಳಿವೆ. ಅವರ ಮನೆಯವರನ್ನೇ ಕೇಳುವುದು ಅಸಭ್ಯತೆ. ಪಕ್ಕದ ಮನೆಯವರನ್ನು ಕೇಳಬಾರದು, ಅಲ್ಲಿ ನಲ್ಲಿ ನೀರಿನ ಜಗಳ ಇರುತ್ತದೆ. ಎದುರು ಮನೆಯವರನ್ನೂ ಕೇಳಬಾರದು, ಅಲ್ಲಿ ಕಾಫಿಪುಡಿ ಸಾಲ ಕೊಟ್ಟು ತೆಗೆದುಕೊಳ್ಳುವ ಸ್ನೇಹ ಇರುತ್ತದೆ. ಒಂದೆರಡು ಮನೆ ಬಿಟ್ಟು ಆಚೆಯವರನ್ನು, ಅದೂ ಬೇರೆ ಏನೋ ಕೇಳಲು ಬಂದವರ ಹಾಗೆ ಕೇಳಬೇಕು. ನನ್ನ ಮದುವೆಯ ಹೊತ್ತಿಗೆ ನನ್ನ ಮಾವ ಹುಣಿಸೆಹಣ್ಣಿನ ವ್ಯಾಪಾರಿಯಂತೆ ನಮ್ಮೂರಿಗೆ ಬಂದು ವಿಚಾರಿಸಿ ಹೋಗಿದ್ದರಂತೆ. ಅವರಿಗೆ ಸಿಕ್ಕ ಮಾಹಿತಿ ಅಷ್ಟೇನೂ ಸರಿಯಿರಲಿಲ್ಲ ಎಂದು ಗಿರಿಜೆ ಆಗಾಗ ಹೇಳುತ್ತಾಳೆ. "ವಿಚಾರಣೆ ಎಲ್ಲ ಏನೂ ಬೇಡ, ಮಾವ ನೋಡಿದ್ದಾರಲ್ಲ" ಎಂದು ಅವಳು ತಡೆದರೂ ನಾನು ಕೇಳಲಿಲ್ಲ. ಚರ್ಚೆಗೆ ಒಂದು ವಾರವಿರುವಾಗ, ಭಾನುವಾರ, ಪುಸ್ತಕದಂಗಡಿಗೆ ಹೋಗುತ್ತೇನೆಂದು ಸುಳ್ಳು ಹೇಳಿ ಭದ್ರಾವತಿ ಬಸ್ಸು ಹತ್ತಿದೆ.

ನ್ಯೂ ಟೌನಿನಲ್ಲಿ ಕ್ವಾರ್ಟರ್ಸುಗಳೆಲ್ಲ ಒಂದೇ ಥರ. ಅದೇ ಬಾಗಿಲು, ಅದೇ ಕಿಟಕಿ, ಅದೇ ಕಾಂಪೌಂಡಿನಲ್ಲಿ ಅದೇ ಕರಿಬೇವು. ನಂಬರ್ ನೋಡದೆ ಮನೆ ಹಿಡಿಯುವ ಹಾಗಿಲ್ಲ. ಬಿಳಿ ಶರಟು, ಜೇಬಿನಲ್ಲಿ ಪೆನ್ನು, ಹೆಗಲಿಗೊಂದು ಚೀಲ, ಹೀಗೆ ಒಂದೊಂದೇ ಬಾಗಿಲ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನಂಬರ್ ಓದುತ್ತಾ ಹೋದೆ. ನಮ್ಮ ಸೀಮೆಯಲ್ಲಿ ಜೇಬಿನಲ್ಲಿ ಪೆನ್ನಿಟ್ಟುಕೊಂಡು ಮನೆ ನಂಬರ್ ಓದುವವನು ಸರಕಾರವಲ್ಲದೆ ಬೇರೆ ಯಾರೂ ಆಗಿರಲು ಸಾಧ್ಯವಿಲ್ಲ. ಇದು ನನಗೆ ಹೊಳೆಯುವ ಮೊದಲೇ, ಬಟ್ಟೆ ಒಣಗಿಸುತ್ತಿದ್ದ ಒಬ್ಬ ಹೆಂಗಸು, ಪಳನಿಯಮ್ಮ ಎಂದು ಆಮೇಲೆ ತಿಳಿಯಿತು, "ಏನ್ ಸಾರ್, ಹೊಸಾ ಕಾರ್ಡಿಗೆ ಬರ್ಕೊಳ್ಳೋಕೆ ಬಂದ್ರಾ?" ಎಂದು ಕೇಳಿದರು.

ಇಲ್ಲ ಎನ್ನಬೇಕಿತ್ತು. ಆದರೆ ಚನ್ನಬಸಪ್ಪನವರ ಮನೆ ಅಲ್ಲಿಂದ ಒಂದೆರಡು ಮನೆ ಆಚೆಗಿತ್ತು, ಶಾಸ್ತ್ರಕ್ಕೆ ಸರಿಯಾಗಿ. ನನ್ನ ಗಂಟಲಿನಿಂದ ಹೌದೂ ಅಲ್ಲದ ಇಲ್ಲವೂ ಅಲ್ಲದ "ಹ್ಞೂಂ..." ಎಂಬ ಶಬ್ದ ಬಂತು. ಪಳನಿಯಮ್ಮನಿಗೆ ಅಷ್ಟು ಸಾಕಾಯಿತು. ಗಂಡನ ಸಕ್ಕರೆ ಕಾಯಿಲೆ, ಮಗ ಎರಡು ಸಲ ಬರೆದ ಪರೀಕ್ಷೆ, ಮಗಳು ಗಂಡನ ಮನೆಯಲ್ಲಿ ಮುನಿಸಿಕೊಂಡು ಬಂದದ್ದು, ಎಲ್ಲವನ್ನೂ ಹೇಳಿದರು. ನಾನು ಏನನ್ನೂ ಕೇಳಿರಲಿಲ್ಲ. "ಆ ಮೂಲೆ ಮನೆಯವರು?" ಎಂದು ಮೆಲ್ಲಗೆ ಗಾಳ ಬಿಟ್ಟೆ. "ಚನ್ನಬಸಪ್ಪನೋರಾ? ಒಳ್ಳೆ ಜನ ಸಾರ್. ಹುಡುಗ ಬಂಗಾರ. ಕುಡಿಯೋದಿಲ್ಲ, ಸೇದೋದಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಕ್ಯಾಕರಿಸೋದು ಮಾತ್ರ ಇಡೀ ಲೈನಿಗೆ ಕೇಳ್ಸುತ್ತೆ, ಅದನ್ನೂ ಬರ್ಕೊಂಬಿಡಿ."

ಅಷ್ಟರಲ್ಲಿ ಜನ ಸೇರಿದರು. ಒಬ್ಬರಿಗೆ ತೀರಿಕೊಂಡ ತಾಯಿಯ ಹೆಸರಲ್ಲೂ ಒಂದು ಕಾರ್ಡು ಬೇಕಿತ್ತು, ನೆನಪಿಗೆ. ಇನ್ನೊಬ್ಬರು ತಮ್ಮ ವಯಸ್ಸನ್ನು ಸ್ವಲ್ಪ ಇಳಿಸಲು ಬೇಡಿಕೊಂಡರು. ಮತ್ತೊಬ್ಬರು ಕಾಲಿನ ಹುಣ್ಣನ್ನು ಗುರುತಿನ ಚಿಹ್ನೆಯಾಗಿ ತೋರಿಸಲು ಪಂಚೆ ಎತ್ತತೊಡಗಿದರು. ಸರಕಾರ ನಮ್ಮ ಖಾಸಗಿ ಬದುಕನ್ನು ಕಸಿದುಕೊಳ್ಳುತ್ತದೆ ಎಂದು ಕನ್ನಡಿಯ ಮುಂದೆ ಗುಡುಗುತ್ತಿದ್ದವನು ನಾನು. ಇಲ್ಲಿ ನೋಡಿದರೆ ಜನ ಅದನ್ನು ತಾವಾಗಿಯೇ ತಂದು ನನ್ನ ಚೀಲಕ್ಕೆ ತುಂಬುತ್ತಿದ್ದರು! ಓಡಿಹೋಗಲು ನೋಡುತ್ತಿದ್ದಾಗ ಗುಂಪು ಸರಿಸಿಕೊಂಡು ಒಬ್ಬ ಎತ್ತರದ ಯಜಮಾನರು ಬಂದರು. "ಬಿಸಿಲಲ್ಲಿ ಯಾಕ್ರೀ ನಿಲ್ಲಿಸ್ಕೊಂಡಿದ್ದೀರಿ ಅವ್ರನ್ನ? ಬನ್ನಿ ಸಾರ್ ನಮ್ಮನೆಗೆ, ಕಾಫಿ ಕುಡೀರಿ" ಎಂದು ಕೈ ಹಿಡಿದೇಬಿಟ್ಟರು. ಅವರೇ ಚನ್ನಬಸಪ್ಪನವರು.

ಬೀಗರ ಮನೆಗೆ ಹೆಣ್ಣಿನ ತಂದೆ ಮೊದಲ ಸಲ ಹೋಗುವಾಗ ಹಣ್ಣು, ಹೂವು ಹಿಡಿದು ಹೋಗುವುದು ವಾಡಿಕೆ. ನಾನು ಸುಳ್ಳು ಹೆಸರನ್ನೂ ಹಿಡಿಯದೆ, ಸುಮ್ಮನೆ ಸರಕಾರವಾಗಿ ಹೋದೆ. ಹುಡುಗ ಮನೆಯಲ್ಲಿರಲಿಲ್ಲ, ಪುಣ್ಯ. ಕಾಫಿ ಚೆನ್ನಾಗಿತ್ತು. ಮಗ ಗೋಡೆಯ ಹಲ್ಲಿಗೆ ಹೆದರುವುದನ್ನೂ ಬಿಡದೆ ಚನ್ನಬಸಪ್ಪನವರು ಎಲ್ಲವನ್ನೂ ಬರೆಸಿದರು. ನಾನು ಬಸ್ ಟಿಕೆಟ್ಟಿನ ಹಿಂದೆ ಗೀಚುತ್ತಾ ಹೋದೆ. "ಸದ್ಯದಲ್ಲೇ ಮದುವೆ ಆಗಬಹುದು ಸಾರ್. ಸೊಸೆಗೂ ಒಂದು ಜಾಗ ಬಿಟ್ಟಿರಿ. ಶಿವಮೊಗ್ಗದ ಹುಡುಗಿ, ಚಿನ್ನದಂಥವಳು" ಎಂದರು. ನಾನು ಎದೆಯುಬ್ಬಿಸಿ ಕೂತೆ. "ಅವಳಪ್ಪ ಮೇಷ್ಟ್ರಂತೆ. ಸಾಧು ಮನುಷ್ಯ. ಬಾಯಿ ಮಾತ್ರ ಜಾಸ್ತಿಯಂತೆ, ಹಿಡಿಯೋದು ಕಷ್ಟವಂತೆ." ಗೀಚುತ್ತಿದ್ದ ಪೆನ್ನು ಅಲ್ಲಿಗೆ ನಿಂತಿತು.

ಮುಂದಿನ ವಾರವೆಲ್ಲ ನನಗೆ ಜ್ವರ ಬರಲಿ ಎಂದು ಹಾರೈಸಿದೆ, ಬರಲಿಲ್ಲ. ಕರಪತ್ರದಲ್ಲಿ ಹೆಸರು ಅಚ್ಚಾಗಿಹೋಗಿತ್ತು. ಬಟ್ಟೆ ಒಣಗಿಸುವವರು ಇಂಥ ಚರ್ಚೆಗೆಲ್ಲ ಯಾಕೆ ಬರುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಹೋದೆ. ಪೀಠಿಕೆಯಲ್ಲೇ ಅಧ್ಯಕ್ಷರು "ಹೊಸಮನೆಯ ಮೇಷ್ಟ್ರು" ಎಂದು ನನ್ನನ್ನು ಪರಿಚಯಿಸಿದರು. ಕಾರ್ಡು ಬೇಕು ಎನ್ನುವ ಕಡೆಯ ವಕೀಲರು, ಮುಚ್ಚಿಡಲು ಏನೂ ಇಲ್ಲದವನಿಗೆ ಭಯವೇಕೆ ಎಂದು ಕೇಳಿ ಚಪ್ಪಾಳೆ ಗಿಟ್ಟಿಸಿ ಕೂತರು. ನಾನು ಎದ್ದೆ. ಮೈಕು ಕೈಗೆ ಬಂದರೆ ನನಗೆ ಹಿಂದುಮುಂದು ಮರೆತುಹೋಗುತ್ತದೆ. "ಬಂಧುಗಳೇ, ನನ್ನ ಹೊಸ್ತಿಲಿಗೆ ಬಂದು, ನಿನ್ನ ಮನೆಯಲ್ಲಿ ಯಾರಿದ್ದಾರೆ, ಅವರಿಗೆ ಯಾವ ಕಾಯಿಲೆ, ಅವರ ಗುಣವೇನು ಎಂದು ಕೇಳುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?" ಎಂದು ಗರ್ಜಿಸಿ, ಚಪ್ಪಾಳೆಗೆಂದು ಮಾತು ನಿಲ್ಲಿಸಿದೆ.

ಚಪ್ಪಾಳೆ ಬರಲಿಲ್ಲ. ಹೆಂಗಸರ ಸಾಲಿನಿಂದ ಪಳನಿಯಮ್ಮ ಎದ್ದು ನಿಂತರು. "ಅಲ್ಲಾ ಸಾರ್, ಹೋದ ವಾರ ನೀವೇ ಬಂದು ಎಲ್ಲಾ ಕೇಳ್ಕೊಂಡು ಹೋದ್ರಲ್ಲ ಸಾರ್! ನಮ್ ಕಾರ್ಡು ಎಲ್ಲಿ?"

ಸಭೆ ಗೊಳ್ಳೆಂದಿತು. "ಹೌದು ಹೌದು, ಇವ್ರೇ!" ಎಂದು ಹುಣ್ಣಿನ ಕಾಲಿನವರೂ ಎದ್ದರು. ನನಗೆ ಅವರ್ಯಾರ ಭಯವೂ ಇರಲಿಲ್ಲ. ನಾನು ಹೆದರಿದ್ದು ಎರಡನೇ ಸಾಲಿನಲ್ಲಿ ನಿಧಾನವಾಗಿ ಎದ್ದು ನಿಂತ ಆ ಎತ್ತರದ ಮನುಷ್ಯನಿಗೆ. "ಹೊಸಮನೆ ಮೇಷ್ಟ್ರು ಅಂದ್ರಲ್ಲ... ನೀವು ಸುಮಾನ ತಂದೆಯವರಾ?" ಎಂದು ಚನ್ನಬಸಪ್ಪನವರು ಕೇಳಿದರು. ಮಗಳ ತಗ್ಗಿಸಿದ ಮುಖ ಕಣ್ಣ ಮುಂದೆ ಬಂತು. ಎಲ್ಲ ಮುಗಿಯಿತು, ನನ್ನ ಕೈಯಾರೆ ಮುಗಿಸಿದೆ ಎನಿಸಿತು. ಮೈಕಿನಲ್ಲೇ ಹೇಳಿಬಿಟ್ಟೆ: "ಹೌದು ಸ್ವಾಮಿ. ನಾನು ಕಾರ್ಡಿನವನಲ್ಲ. ಹೆಣ್ಣಿನ ತಂದೆ. ಹುಡುಗನ ವಿಚಾರಣೆಗೆ ಬಂದಿದ್ದೆ. ತಪ್ಪು ನನ್ನದು, ನನ್ನ ಮಗಳದ್ದಲ್ಲ."

ಪಳನಿಯಮ್ಮ ಸಭೆಯ ಕಡೆ ತಿರುಗಿ, "ನೋಡಿದ್ರಾ? ಕಾರ್ಡು ಕಾರ್ಡು ಅಂದ್ರೆ ಹಿಂಗೇ ಯಾರ್ಯಾರೋ ಬಂದು ಮನೆ ವಿಷ್ಯ ಎಲ್ಲಾ ಕೇಳ್ಕೊಂಡು ಹೋಗ್ತಾರೆ. ನಮಗೆ ಬೇಡವೇ ಬೇಡ ಈ ಕಾರ್ಡು!" ಎಂದು ಕೈಯೆತ್ತಿದರು. ಅವರ ಹಿಂದೆ ಇಡೀ ಲೈನು ಕೈಯೆತ್ತಿತು. ನನ್ನ ಕಡೆ ಭಾರಿ ಬಹುಮತದಿಂದ ಗೆದ್ದಿತೆಂದು ಅಧ್ಯಕ್ಷರು ಘೋಷಿಸಿ ನನಗೆ ಶಾಲು ಹೊದಿಸಿದರು. ನಾನು ಕಟ್ಟಿಕೊಂಡು ಹೋಗಿದ್ದ ವಾದಗಳಲ್ಲಿ ಒಂದನ್ನೂ ಪೂರ್ತಿ ಹೇಳಿರಲಿಲ್ಲ.

ಶಾಲು ಹೊದ್ದುಕೊಂಡೇ ಕೆಳಗಿಳಿದು ಚನ್ನಬಸಪ್ಪನವರ ಮುಂದೆ ಕೈಮುಗಿದು ನಿಂತೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. "ಅಲ್ಲ ಮೇಷ್ಟ್ರೇ, ನಮ್ಮ ಪ್ರಸನ್ನನ ವಿಷಯ ಕೇಳೋಕೆ ಇಷ್ಟು ದೂರ ಬರ್ಬೇಕಾ? ನಿಮ್ಮ ಮಗಳನ್ನೇ ಕೇಳಿದ್ರೆ ಹೇಳ್ತಿರ್ಲಿಲ್ವಾ? ಹೋದ ವರ್ಷದಿಂದ ದಿನಾ ಸಂಜೆ ಅವಳನ್ನ ಬಸ್ ಹತ್ತಿಸಿಯೇ ಅವನು ಮನೆಗೆ ಬರೋದು. ನಿಮ್ಮನೆಯವರೇ ಅಲ್ವಾ ಮಾವನ ಕೈಲಿ ಹೇಳಿ ಕಳಿಸಿದ್ದು?" ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಎಲ್ಲರಿಗೂ ಗೊತ್ತಿತ್ತು. ಮನೆಗೆ ಮರಳುವಾಗ ಬಸ್ಸಿನ ಕಂಡಕ್ಟರನೂ "ಮದುವೆ ಯಾವಾಗ ಸಾರ್?" ಎಂದ. ಹೊಟ್ಟೆನೋವನ್ನೂ ಗುಟ್ಟಾಗಿಡಲು ಬಿಡದ ಈ ಎರಡು ಊರುಗಳು ಸೇರಿಕೊಂಡು ಒಂದು ಸಂಗತಿಯನ್ನು ಇಷ್ಟು ಜೋಪಾನವಾಗಿ, ಒಬ್ಬನಿಗೆ ಮಾತ್ರ ಗೊತ್ತಾಗದ ಹಾಗೆ ಕಾಪಾಡಿದ್ದವು.

ಆ ರಾತ್ರಿ ಊಟಕ್ಕೆ ಕೂತಾಗ ನನಗೆ ನಿಜಕ್ಕೂ ನೋವಾಗಿತ್ತು. ಸಂತೋಷವೂ ಆಗಿತ್ತು, ಆದರೆ ನೋವನ್ನೇ ಮೊದಲು ಹೇಳಿದೆ. "ನಂಗೊಬ್ಬನಿಗೆ ಯಾಕೆ ಹೇಳಲಿಲ್ಲ?" ಸುಮಾ ತಟ್ಟೆ ನೋಡಿಕೊಂಡು, "ನಿಮಗೆ ಹೇಳಿದ್ರೆ ಅದರ ಮೇಲೆ ಭಾಷಣ ಮಾಡ್ತಿದ್ರಿ ಅಪ್ಪಾ. ಅದು ನನ್ನ ವಿಷಯ ಆಗಿ ಉಳೀತಿರ್ಲಿಲ್ಲ" ಎಂದಳು. ಖಾಸಗಿತನದ ಬಗ್ಗೆ ನಾನು ಇಷ್ಟು ವರ್ಷ ಪಾಠ ಮಾಡಿದ್ದಕ್ಕೆ ಒಬ್ಬ ವಿದ್ಯಾರ್ಥಿನಿಯಾದರೂ ಪಾಸಾಗಿದ್ದಳು.

"ಸರಿ," ಎಂದೆ. "ಇನ್ನೇನಾದರೂ ಇದೆಯಾ, ಈ ಮನೇಲಿ ನನಗೆ ಗೊತ್ತಿಲ್ಲದ್ದು?"

ತಾಯಿ ಮಗಳ ಮುಖ ನೋಡಿದಳು, ಮಗಳು ತಾಯಿಯ ಮುಖ ನೋಡಿದಳು.

"ಮಜ್ಜಿಗೆ ಹಾಕ್ಲಾ?" ಎಂದಳು ಗಿರಿಜೆ.

ಖಾಸಗಿತನದ ರಕ್ಷಣೆಗೆಂದು ಹೊದಿಸಿದ ಶಾಲು ಇನ್ನೂ ಹೆಗಲ ಮೇಲಿತ್ತು. ಮತ್ತೊಂದು ಪ್ರಶ್ನೆ ಕೇಳುವ ಮುಖ ನನಗಿರಲಿಲ್ಲ. ತಟ್ಟೆಯನ್ನು ಮುಂದಕ್ಕೆ ಸರಿಸಿ, "ಹಾಕು" ಎಂದೆ.