ನಾಲ್ಕು ನಡೆಯ ಬ್ರಹ್ಮಾಸ್ತ್ರ

ಕೇಶ್ವಾಪುರದ ಸಭಾಂಗಣದಲ್ಲಿ, ನೂರು ಜನರ ಎದುರು, ನನ್ನ ಮಗಳ ಗಡಿಯಾರದ ಗುಂಡಿ ಒತ್ತಿದ ಕೈ ನನ್ನದೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

"ಯಾರದ್ರಿ ಈ ಕೈ?" ಎಂದರು ಪಂಚರಾದ ಮಕ್ತುಮಸಾಬರು.

"ನಂದ್ರಿ."

"ಆಡಾಕತ್ತಾವ್ರು ನೀವೋ, ನಿಮ್ಮ ಮಗಳೋ?"

ಆಡುತ್ತಿದ್ದವಳು ಹದಿನಾಲ್ಕರ ಶೇವಂತಿ. ಕಿರಿಯರ ಮಿಂಚಿನ ಚದುರಂಗದ ಕೊನೆಯ ಪಂದ್ಯ. ಒಬ್ಬೊಬ್ಬರಿಗೆ ಐದೇ ನಿಮಿಷ, ನಡೆ ಮುಗಿಸಿದವರು ತಮ್ಮ ಗುಂಡಿ ಒತ್ತಬೇಕು. ಗೆದ್ದವರು ಮೈಸೂರಿನ ಪಂದ್ಯಾವಳಿಗೆ. "ಇವಳನ್ನ ಮೈಸೂರಿಗೆ ಕಳಸಲಿಲ್ಲಂದ್ರ ನನ್ನ ಹೆಸರು ಮೈಲಾರಪ್ಪನ ಅಲ್ಲ" ಎಂದು ಮೂರು ತಿಂಗಳ ಹಿಂದೆಯೇ ನಮ್ಮ ಸಪ್ತಾಪುರದ ತುಂಬ ಸಾರಿದ್ದೆ. ಜೋಡಿ ಗಡಿಯಾರ ನಮ್ಮ ಮನೆಗೆ ಎಲ್ಲಿಂದ ಬರಬೇಕು? ಸಾರಿನ ವಾಟಗ ಎರಡನ್ನು ಬೋರಲು ಹಾಕಿ, ಅವಳದನ್ನೂ ನನ್ನದನ್ನೂ ನಾನೇ ಬಡಿಯುತ್ತಿದ್ದೆ. ತೊಂಬತ್ತು ದಿನ ಬಡಿದ ಕೈ! ಅವಳು ಮೊದಲ ನಡೆ ಇಟ್ಟಳೋ ಇಲ್ಲವೋ, ಪಂಚರನ್ನು ಕೇಳದೆ ಮುಂದೆ ಹೋಗಿಬಿಟ್ಟಿತು.

"ಇನ್ನೊಮ್ಮೆ ಈ ಕೈ ಬಂದ್ರ ನಿಮ್ಮ ಹುಡುಗಿ ಸೋತಂಗ. ಹೊರಗ ನಡ್ರಿ."

ವರಾಂಡದಲ್ಲಿ ಹೆಂಡತಿ ಸಾವಕ್ಕ ಕೂತಿದ್ದಳು. "ವಾಟಗಕ್ಕ ತೆಗ್ಗು ಬಿದ್ದಾಗ ಹೇಳಿದ್ನಿ, ಕೇಳಿದ್ರೇನು? ಈಗರೆ ಕೈ ಕಟಗೊಂಡು ಕುಂದರ್ರಿ."

ಕೂತೆ. ಕತ್ತು ಮಾತ್ರ ಕಿಟಕಿಯೊಳಗಿತ್ತು. ಎದುರಾಳಿ ಹತ್ತಿ ವ್ಯಾಪಾರಿ ಕುಬೇರಪ್ಪನವರ ಮಗ. ಬಿಳಿ ಕಾಯಿ ಅವನವು. ರಾಜನ ಮುಂದಿನ ಪ್ಯಾದೆ ಆಗಲೇ ಎರಡು ಮನೆ ನಡೆದಾಗಿತ್ತು. ಈಗ ಹಿಂದೆಯೇ ಒಂಟೆ, ಒಂಟೆಯ ಹಿಂದೆ ಧೂಳೆಬ್ಬಿಸಿಕೊಂಡು ವಜೀರ! ನಾಲ್ಕನೇ ನಡೆಗೆ ಶತ್ರುಸಂಹಾರ ಮಾಡುವ ಈ ಆರಂಭವನ್ನೇ ನಾನು ಮಗಳ ಮೇಲೆ ದಿನವೂ ಪ್ರಯೋಗಿಸುತ್ತಿದ್ದುದು. ಇಡೀ ಧಾರವಾಡದಲ್ಲಿ ಈ ಬ್ರಹ್ಮಾಸ್ತ್ರ ನನ್ನೊಬ್ಬನ ಹತ್ತಿರವೇ ಇದೆ ಎಂದು ನಂಬಿದ್ದೆ.

"ಮುಗೀತು. ಮೈಸೂರು ಹೋತು," ಎಂದು ಎದ್ದೆ.

"ಆಡಾಕಿ ಇನ್ನೂ ಕುಂತಾಳ. ನೋಡಾವ್ರು ನೀವ್ಯಾಕ ಏಳ್ತೀರಿ?"

ಶೇವಂತಿ ಪ್ಯಾದೆಯೊಂದನ್ನು ಒಂದು ಮನೆ ಸರಿಸಿದಳು, ವಜೀರ ಹಿಮ್ಮೆಟ್ಟಿದ. ಕುದುರೆ ಹಾರಿಸಿದಳು, ವಜೀರ ಇನ್ನೊಂದು ಮೂಲೆಗೆ ಓಡಿದ. ಪ್ರತಿ ನಡೆಗೂ ಗುಂಡಿಯನ್ನು ತಾನೇ ಟಪ್ಪೆಂದು ಒತ್ತುತ್ತಿದ್ದಳು, ನನ್ನ ನೆರವಿಲ್ಲದೆ. ನೋಡುನೋಡುತ್ತ ವಜೀರ ಸಿಕ್ಕಿಬಿದ್ದ. ಅವನಿಲ್ಲದ ರಾಜ ಹೆಚ್ಚು ಹೊತ್ತು ಬಾಳಲಿಲ್ಲ. ಅವಳ ಗಡಿಯಾರದಲ್ಲಿ ಇನ್ನೂ ಎರಡು ನಿಮಿಷ ಉಳಿದಿತ್ತು.

ಗುರುವಿನ ಗತ್ತಿನಲ್ಲಿ ಒಳಗೆ ನುಗ್ಗಿದೆ. ನಾಲ್ಕು ಜನ ಕೇಳಲಿ ಎಂದು ದನಿ ಎತ್ತರಿಸಿಯೇ ಕೇಳಿದೆ: "ಅಂಥಾ ಘೋರ ಆಟಕ್ಕ ಒಂಚೂರೂ ಅಂಜಲಿಲ್ಲಲ್ಲವ್ವಾ, ಹೆಂಗ?"

ಶೇವಂತಿ ಕಾಯಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ತಲೆ ಎತ್ತಲಿಲ್ಲ.

"ಮೊದಲ ಅಂಜಿದ್ನಿ ಅಪ್ಪಾ. ಆಮ್ಯಾಲೆ ನೋಡಿದ್ರ, ಅವನೂ ನಿಮ್ಮಂಗ ಆಡಾಕತ್ತಿದ್ದ."